ಹತ್ತೊಂಬತ್ತನೇ ಪಂಜರದ ತಾಯಿ

ಅನಿಮಲ್ ಹೌಸ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಈಗ ಮೂರು ದಿನದ ತರಬೇತಿ ಇದೆಯಂತೆ. ಬ್ಯಾಗು, ಪೆನ್ನು, ಮಧ್ಯಾಹ್ನ ಪಲಾವ್ ಎಲ್ಲ ಕೊಡುತ್ತಾರಂತೆ. ಇಲಿಯ ಬಾಲ ಎಲ್ಲಿ ಹಿಡಿಯಬೇಕು, ಕೈಗವಸು ಹೇಗೆ ಹಾಕಬೇಕು ಎಂಬುದನ್ನು ತೆರೆಯ ಮೇಲೆ ತೋರಿಸುತ್ತಾರೆ. ಅದರಲ್ಲಿ ಹೇಳದ ಕೆಲವು ವಿಷಯಗಳಿವೆ. ಅವನ್ನು ಬರೆದಿಡೋಣ ಎಂದು ಕೂತಿದ್ದೇನೆ. ನಾನು ಪುಷ್ಪಾ. ಹಲಸೂರಿನ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಬಿಳಿ ಇಲಿಗಳನ್ನು ಸಾಕಿ ಹೋದ ವರ್ಷ ನಿವೃತ್ತಳಾದೆ. ಸಂಸ್ಥೆಯ ಹೆಸರು ಬೇಡ. ಅಲ್ಲಿ ಇನ್ನೂ ನನ್ನ ಪಿಂಚಣಿ ಫೈಲು ಓಡಾಡುತ್ತಿದೆ.

ಮೊದಲನೆಯ ವಿಷಯ: ಹೂ ಮುಡಿದುಕೊಂಡು ಬರಬೇಡಿ. ಕೆಲಸದ ಮೊದಲ ದಿನ ನಾನು ರಸೆಲ್ ಮಾರುಕಟ್ಟೆಯ ಮುಂದೆ ಒಂದು ಮೊಳ ಮಲ್ಲಿಗೆ ಕೊಂಡು, ಮುಡಿದು, ಶುಭದಿನವೆಂದು ಬಲಗಾಲಿಟ್ಟು ಒಳಗೆ ಹೋದೆ. ಆಗಷ್ಟೇ ಹೆತ್ತಿದ್ದ ಒಂದು ತಾಯಿಯ ಮರಿಗಳನ್ನು ಕೈಯಲ್ಲೆತ್ತಿ ಮುದ್ದಾಡಿ ಮತ್ತೆ ಇಟ್ಟೆ. ಊಟ ಮುಗಿಸಿ ಬಂದು ನೋಡಿದರೆ ನಾಲ್ಕು ಮರಿ ಇಲ್ಲ. ತಾಯಿ ಮೂತಿ ಒರೆಸಿಕೊಳ್ಳುತ್ತಿತ್ತು. ನಾನು ಕಿರುಚಿದ ಸದ್ದಿಗೆ ನಮ್ಮ ಹಿರಿಯ ಅಟೆಂಡರ್ ಡೇನಿಯಲ್ ಅಂಕಲ್ ಓಡಿ ಬಂದರು.

"ಏನಮ್ಮಾ ಇದು, ಕಲ್ಯಾಣ ಮಂಟಪಮಾ? ಮಲ್ಲಿಗೆ ವಾಸನೆ ಬಂದ್ರೆ ಅದಕ್ಕೆ ತನ್ನ ಮಕ್ಳು ಅಂತ ಹೆಂಗಮ್ಮಾ ಗೊತ್ತಾಗುತ್ತೆ?" ಎಂದರು. ಆಮೇಲೆ ನನ್ನೆರಡು ಕೈಗಳನ್ನೂ ಪಂಜರದೊಳಗಿನ ಒದ್ದೆ ಮರದ ಹೊಟ್ಟಿನಲ್ಲಿ, ಅದರದೇ ಹಿಕ್ಕೆ ಉಚ್ಚೆಯ ಸಮೇತ, ಚೆನ್ನಾಗಿ ಉಜ್ಜಿಸಿದರು. "ಇದು ನಿನ್ನ ಸೆಂಟು. ಯಾವ ಪಂಜರಕ್ಕೆ ಕೈ ಹಾಕ್ತೀಯೋ ಆ ಪಂಜರದ ಹೊಟ್ಟು. ಮರೀಬೇಡ."

ಮರೆಯಲಿಲ್ಲ. ನನ್ನ ಅತಿ ದೊಡ್ಡ ತಪ್ಪನ್ನು ಮಾಡಲು ಆ ವಿದ್ಯೆಯೇ ನೆರವಾಯಿತು.

ಆಗ ನನ್ನ ಮಗಳು ಆಶಾಳಿಗೆ ಮೂರು ತಿಂಗಳು. ಗಂಡ ಲಾರಿ ಸರ್ವಿಸ್‌ನಲ್ಲಿ ತಿಂಗಳಿಗೆ ಇಪ್ಪತ್ತು ದಿನ ಊರೂರು ಸುತ್ತುತ್ತಿದ್ದರು. ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಎದುರು ಮನೆಯ ನೂರ್ ಚಾಚಿ, ಮಕ್ಕಳಿಲ್ಲದ ವಿಧವೆ, ಕಾಲಲ್ಲಿ ತುಳಿಯುವ ಯಂತ್ರದಲ್ಲಿ ರವಿಕೆ, ಬುರ್ಖಾ ಹೊಲಿದು ಬದುಕುತ್ತಿದ್ದರು. "ಇಲ್ಲಿ ಕೊಡು ಮಾ, ನಾನೇನು ಓಡ್ಹೋಗ್ತೀನಾ?" ಎಂದು ಮಗುವನ್ನು ಇಸಿದುಕೊಂಡರು. ಬೆಳಿಗ್ಗೆ ಏಳಕ್ಕೆ ಕೊಟ್ಟು ಸಂಜೆ ಆರಕ್ಕೆ ಎತ್ತಿಕೊಳ್ಳುತ್ತಿದ್ದೆ. ಮಧ್ಯದ ಹನ್ನೊಂದು ಗಂಟೆಯಲ್ಲಿ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳುವಷ್ಟು ತ್ರಾಣ ಇರುತ್ತಿರಲಿಲ್ಲ. ಒಂದು ಮಾತ್ರ ನೆನಪಿದೆ. ಸದಾ ಟಕಟಕ ಎನ್ನುತ್ತಿದ್ದ ಚಾಚಿಯ ಯಂತ್ರ ಆ ವರ್ಷವೆಲ್ಲ ಸುಮ್ಮನಿತ್ತು. ಕೆಟ್ಟಿರಬೇಕು, ಪಾಪ, ರಿಪೇರಿ ಮಾಡಿಸಲು ಆಗಿಲ್ಲ ಎಂದುಕೊಂಡಿದ್ದೆ.

ಇನ್ನು ಮೇಲಧಿಕಾರಿಗಳು. ನಮ್ಮ ಪ್ರೊಫೆಸರ್ ತಾಯ್ತನದ ಮೇಲೆ ದೇಶವಿದೇಶಗಳಲ್ಲಿ ಭಾಷಣ ಮಾಡುವವರು. ಆಶಾಳಿಗೆ ಚಿಕನ್ ಪಾಕ್ಸ್ ಆದಾಗ ನಾನು ನಾಲ್ಕು ದಿನ ರಜೆ ಕೇಳಿದೆ. ಅವರು ಕನ್ನಡಕ ತೆಗೆದು ನೋವಿನಿಂದ ನನ್ನನ್ನು ನೋಡಿದರು. "ಪುಷ್ಪಾ, ಈ ವಾರ ಆರು ತಾಯಂದಿರು ಡೆಲಿವರಿಗೆ ಇದ್ದಾರೆ. ಇಂಥ ಟೈಮಲ್ಲಿ ನೀವು ರಜಾ ಕೇಳಿದ್ರೆ ಹೆಂಗ್ರೀ? ತಾಯಿ ಮರಿ ಅಂದ್ರೆ ಏನು ಅಂತ ನಿಮಗೆ ಬೇರೆ ಹೇಳ್ಬೇಕಾ?" ಎಂದರು. ಹೇಳಬೇಕಿರಲಿಲ್ಲ. ಆ ಸಲವೂ ಬೇವಿನ ಸೊಪ್ಪು ಹಿಡಿದು ಕೂತವರು ಚಾಚಿಯೇ.

ವರ್ಷಕ್ಕೊಮ್ಮೆ ತಪಾಸಣಾ ಸಮಿತಿ ಬರುತ್ತಿತ್ತು. ಅದಕ್ಕೆ ಒಂದು ವಾರ ಮೊದಲು ಸುಣ್ಣ ಬಳಿಯುತ್ತಿದ್ದರು. ಸುಣ್ಣದ ವಾಸನೆಗೆ ಇಲಿಗಳು ಕಂಗಾಲಾಗುತ್ತಿದ್ದವು. ಸಮಿತಿಯವರು ಬಂದು, ಇಲಿಗಳು ಕಂಗಾಲಾಗಿವೆ, ಗೋಡೆ ಮಾತ್ರ ಚೆನ್ನಾಗಿದೆ ಎಂದು ಬರೆದುಕೊಂಡು ಹೋಗುತ್ತಿದ್ದರು. ಒಬ್ಬ ಸದಸ್ಯೆ ಇಲಿಗಳಿಗೆ ಏಕಾಂತಕ್ಕೆ ಮರೆಯಾದ ಜಾಗ ಇದೆಯೇ ಎಂದು ಬಹಳ ಕಾಳಜಿಯಿಂದ ಕೇಳಿದರು. ಪ್ರತಿ ಪಂಜರದಲ್ಲೂ ಒಂದೊಂದು ಕೊಳವೆ ಇದೆ ಮೇಡಂ ಎಂದೆ. ಆ ಕಟ್ಟಡದಲ್ಲಿ ಹೆಂಗಸರ ಶೌಚಾಲಯವಿರಲಿಲ್ಲ. ನಾವು ಹೊರಗಿನ ಕಟ್ಟಡಕ್ಕೆ ಹೋಗಬೇಕಿತ್ತು. ಅದನ್ನು ಅವರು ಕೇಳಲಿಲ್ಲ, ಅದು ಅವರ ಪಟ್ಟಿಯಲ್ಲಿರಲಿಲ್ಲ.

ಆಶಾ ಎಂಟನೇ ತರಗತಿಗೆ ಬಂದ ವರ್ಷ ವಿಜಯಾ ಸಂಶೋಧನೆಗೆ ಸೇರಿದಳು. ಗದಗಿನ ಹುಡುಗಿ, ನಮ್ಮೆಲ್ಲರಿಗಿಂತ ಮೊದಲು ಬಂದು ನಮ್ಮೆಲ್ಲರ ನಂತರ ಹೋಗುವವಳು. ಅಲ್ಲಿಯವರೆಗೆ ನನಗೆ ಇಲಿಗಳ ಊಟ, ನೀರು, ಹೊಟ್ಟು ಮಾತ್ರ ಗೊತ್ತಿತ್ತು. ಅವಳು ಬಂದು ನನ್ನನ್ನು ಕೆಂಪು ಬಲ್ಬಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಕೆಂಪು ಬೆಳಕು ಇಲಿಗಳ ಕಣ್ಣಿಗೆ ಬೀಳುವುದಿಲ್ಲವಂತೆ. ಕೈಯಲ್ಲಿ ಪೆನ್ಸಿಲು, ಮುಂದೆ ಗಡಿಯಾರ. ಮೂರು ನಿಮಿಷಕ್ಕೊಮ್ಮೆ ಪ್ರತಿ ಪಂಜರವನ್ನೂ ನೋಡಬೇಕು. ತಾಯಿ ಮರಿಯನ್ನು ನೆಕ್ಕುತ್ತಿದ್ದರೆ ಒಂದು ಗೀಟು. ಸುಮ್ಮನೆ ಮಲಗಿದ್ದರೆ ಗೀಟಿಲ್ಲ.

ಹೀಗೆ ನಾನು ಸರ್ಕಾರಿ ಸಂಬಳ ತೆಗೆದುಕೊಂಡು ತಾಯಂದಿರ ಮೇಲೆ ಚಾಡಿ ಬರೆಯುವ ಕೆಲಸಕ್ಕೆ ಬಿದ್ದೆ. ಆಮೇಲಾಮೇಲೆ ಕ್ಯಾಮೆರಾ, ಕಂಪ್ಯೂಟರ್ ಬಂದವು. ತಾಯಿ ತನ್ನ ಹೊಟ್ಟೆ ಕೆರೆದುಕೊಂಡರೂ ಕಂಪ್ಯೂಟರ್ ಅದನ್ನು ವಾತ್ಸಲ್ಯ ಎಂದು ಎಣಿಸಿತು. ಎರಡು ತಿಂಗಳು ಎಲ್ಲರೂ ಆ ವಾತ್ಸಲ್ಯ ನೋಡಿ ಖುಷಿಪಟ್ಟ ಮೇಲೆ ನನ್ನ ಸ್ಟೂಲನ್ನು ಮತ್ತೆ ಒಳಗೆ ತಂದರು.

ಎಣಿಸುತ್ತ ಎಣಿಸುತ್ತ ತಾಯಂದಿರು ಗುರುತಾದರು. ಹನ್ನೆರಡನೇ ಪಂಜರದವಳು ಮರಿಗಳನ್ನು ಒಂದೊಂದಾಗಿ ಮಗುಚಿ, ಹೊಟ್ಟೆ, ಬೆನ್ನು, ಕತ್ತು ಬಿಡದೆ ನೆಕ್ಕುವಳು. ಅವಳ ಹಾಳೆ ತುಂಬ ಗೀಟು. ಹತ್ತೊಂಬತ್ತನೇ ಪಂಜರದವಳು ಹಾಲು ಕೊಡುವಳು, ಕೊಟ್ಟು ಎದ್ದು ಮೂಲೆಗೆ ಹೋಗಿ ಮುಖ ತಿರುಗಿಸಿ ಕೂರುವಳು. ಅವಳ ಹಾಳೆ ಖಾಲಿ ಖಾಲಿ. ಒಂದು ದಿನ ವಿಜಯಾಳನ್ನು ಕೇಳಿದೆ, ಇಷ್ಟು ಎಣಿಸಿ ಏನು ಮಾಡುತ್ತೀಯಮ್ಮಾ ಎಂದು.

"ಅಕ್ಕಾರ, ನಿಮ್ಮ ರಸೆಲ್ ಮಾರ್ಕೆಟ್ಟಿನಾಗ ಅಂಗಡಿ ಸಾಲು ಐತಲ್ರೀ, ಹಂಗ ಅನ್ಕೋರಿ," ಎಂದಳು. "ಜೀನ್ ಅಂದ್ರ ಅಂಗಡಿ. ಎಲ್ಲಾ ಮರಿಗೂ ಅವೇ ಅಂಗಡಿ ಇರ್ತಾವ. ಆದ್ರ ಯಾವುದರ ಶಟರ್ ಮ್ಯಾಲ ಐತಿ, ಯಾವುದು ಕೆಳಗ ಐತಿ, ಅದು ಬ್ಯಾರೆ. ಮೊದಲನೇ ವಾರ ತಾಯಿ ಛಲೋ ನೆಕ್ಕಿದ್ರ, ಅಂಜಿಕಿ ಇಳಿಸೋ ಅಂಗಡಿ ಶಟರ್ ಮ್ಯಾಲ ಹೋಗ್ತೈತಿ. ಮರಿ ದೊಡ್ಡದಾದ ಮ್ಯಾಲೂ ಏನರ ಸಪ್ಪಳ ಆದ್ರ ಅಂಜ್ತೈತಿ, ಆಮ್ಯಾಲ ಲಗೂನ ಸುಧಾರಿಸ್ಕೊಂತೈತಿ. ನೆಕ್ಕಲಿಲ್ಲಂದ್ರ ಶಟರ್ ಅರ್ಧಾ ಕೆಳಗ."

"ಇಳಿದಿದ್ದನ್ನ ಆಮೇಲೆ ಎತ್ತೋಕಾಗಲ್ವಾ?"

"ಬಾಳ ಕಷ್ಟ ಅಕ್ಕಾರ. ಮೊದಲನೇ ವಾರದಾಗ ಆದದ್ದು ಹಂಗ ಉಳಿತೈತಿ," ಎಂದು ಹೇಳಿ ಅವಳು ತನ್ನ ಕೆಲಸಕ್ಕೆ ಹೋದಳು. ಅವತ್ತು ನನ್ನ ಎಣಿಕೆ ತಪ್ಪಿತು.

ಯಾಕೆಂದರೆ ನನ್ನ ಆಶಾ ಪುಕ್ಕಲಿ. ಕುಕ್ಕರ್ ಕೂಗಿದರೆ ಬೆಚ್ಚುವಳು. ಶಾಲೆಯ ವೇದಿಕೆಯ ಮೇಲೆ ನಿಂತು ಎರಡು ಸಾಲು ಹೇಳಲಾರದೆ ಅಳುತ್ತ ಇಳಿದು ಬಂದವಳು. ಹುಟ್ಟುಗುಣ, ಅವರಪ್ಪನ ಕಡೆಯಿಂದ ಬಂದದ್ದು ಎಂದು ನಾನು ನಿಶ್ಚಿಂತೆಯಾಗಿದ್ದೆ. ಅವತ್ತು ಸಂಜೆ ಅವಳು ಹೋಂವರ್ಕ್ ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಹಳೆಯ ಹಾಳೆ ತೆಗೆದೆ. ಮೂರು ತಿಂಗಳಿಗೆ ಬಿಟ್ಟು ಹೋದದ್ದು. ಸಂಜೆ ಬಂದು ಹಾಲು ಕೊಡುತ್ತಲೇ ತೂಕಡಿಸಿದ್ದು. ಗೀಟು ಹಾಕುವಂಥದ್ದು ಹೆಚ್ಚೇನೂ ಕಾಣಲಿಲ್ಲ. ಹತ್ತೊಂಬತ್ತನೇ ಪಂಜರದವಳು ನಾನೇ ಎಂದುಕೊಂಡೆ. ಅಂದು ಹೊಕ್ಕ ಆ ಮುಳ್ಳು ಬಹಳ ವರ್ಷ ಹೊರಗೆ ಬರಲಿಲ್ಲ.

ಮೊದಲ ಹೆರಿಗೆ ಯಾವ ತಾಯಿ ಎಷ್ಟು ನೆಕ್ಕುತ್ತಾಳೆಂದು ಗುರುತಿಸಲು, ಎರಡನೆಯದು ಪ್ರಯೋಗಕ್ಕೆ ಎಂದು ವಿಜಯಾ ಲೆಕ್ಕ ಮಾಡಿಕೊಂಡಿದ್ದಳು. ಎರಡನೇ ಹೆರಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಆದವು. ಪ್ರತಿ ಪಂಜರದಲ್ಲಿ ಎಂಟೇ ಮರಿ ಉಳಿಸಿಕೊಂಡೆವು. ಅವುಗಳ ಪಾದಕ್ಕೆ ಒಂದರಿಂದ ಎಂಟರವರೆಗೆ ಹಚ್ಚೆಯ ಗುರುತು ಹಾಕುವುದು ನನ್ನ ಕೆಲಸ. ಹತ್ತೊಂಬತ್ತರಲ್ಲಿ ಎರಡು ಮರಿ ಸಣಕಲು, ಕಡಲೆಬೀಜದಷ್ಟೇ ಕಾಣುತ್ತಿದ್ದವು. ಅವುಗಳ ತಾಯಿ ಆಗಲೇ ಮೂಲೆ ಸೇರಿದ್ದಳು. ನನಗೆ ತಡೆಯಲಾಗಲಿಲ್ಲ. ಡೇನಿಯಲ್ ಅಂಕಲ್ ಕಲಿಸಿದಂತೆ ಹನ್ನೆರಡನೇ ಪಂಜರದ ಹೊಟ್ಟಿನಲ್ಲಿ ಕೈ ಉಜ್ಜಿ, ಮರಿಗಳಿಗೂ ಸವರಿ, ಆ ಎರಡನ್ನೂ ಹನ್ನೆರಡನೆಯವಳ ಹೊಟ್ಟೆಯಡಿ ಸೇರಿಸಿದೆ. ಲೆಕ್ಕ ಸರಿಯಿರಲೆಂದು ಅವಳ ಎರಡು ಗುಂಡು ಮರಿಗಳನ್ನು ಇತ್ತ ತಂದೆ. ಅದಲುಬದಲಾದವಕ್ಕೆಲ್ಲ ಏಳು, ಎಂಟು ಎಂದು ಗುರುತು ಹಾಕಿದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ದಯೆಯೂ ಒಂದು ಚಟ. ಗೀಟು ಕಡಿಮೆಯಿದ್ದ ಆರೂ ಪಂಜರಗಳಿಗೆ ಹಾಗೆಯೇ ಮಾಡಿದೆ, ಎಲ್ಲ ಕಡೆಯೂ ಏಳು, ಎಂಟು. ಯಾರಿಗೂ ಹೇಳಲಿಲ್ಲ. ಮನೆಗೆ ಹೋಗುವಾಗ ಪುಣ್ಯ ಕಟ್ಟಿಕೊಂಡ ಖುಷಿಯಲ್ಲಿ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಮರಿಗಳು ಬೆಳೆದವು. ಬಟ್ಟಬಯಲಿನಂಥ ಮರದ ತೊಟ್ಟಿಯಲ್ಲಿ ಬಿಟ್ಟು ಯಾವುದು ಹೆದರುತ್ತದೆ, ಯಾವುದು ನಡುವೆ ಬಂದು ಓಡಾಡುತ್ತದೆ ಎಂದು ವಿಜಯಾ ನೋಡಿದಳು. ಎರಡು ವರ್ಷ ಕಳೆಯಿತು. ಕೊನೆಯಲ್ಲಿ ಪ್ರೊಫೆಸರ್ ಒಂದು ಹೊಸ ಪರೀಕ್ಷೆ ಮಾಡಿಸಿದರು. ಎಲ್ಲ ಮರಿಗಳ ವಂಶವಾಹಿಯನ್ನು ಅವುಗಳ ತಾಯಿಯದರ ಜೊತೆ ಹೋಲಿಸುವ ಪರೀಕ್ಷೆ. ವರದಿ ಬಂತು. ಹನ್ನೆರಡು ಪಂಜರಗಳಲ್ಲಿ ಇಪ್ಪತ್ನಾಲ್ಕು ಮರಿಗಳು ತಾಯಿಗೆ ಹೊಂದುತ್ತಿರಲಿಲ್ಲ.

ಪ್ರೊಫೆಸರ್ ಕೂಗಿದ್ದು ಅನಿಮಲ್ ಹೌಸ್‌ವರೆಗೂ ಕೇಳಿಸಿತು. "ಸ್ಯಾಂಪಲ್ ಮಿಕ್ಸ್ ಮಾಡಿದ್ದೀರಾ! ಇಷ್ಟು ಕೇರ್‌ಲೆಸ್ ಆದ್ರೆ ಹೆಂಗ್ರೀ? ಎಲ್ಲ ಕಸದ ಬುಟ್ಟಿಗೆ ಹಾಕಿ. ಪಿಎಚ್‌ಡಿ ಬೇಡ ನಿಮಗೆ, ಊರಿಗೆ ಹೋಗಿ." ವಿಜಯಾ ಕೆಂಪು ಬಲ್ಬಿನ ಕೋಣೆಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಳು. ಅಳುತ್ತಿರಲಿಲ್ಲ. ಹಾಳೆಗಳನ್ನು ಮತ್ತೆ ಮತ್ತೆ ತಿರುವುತ್ತಿದ್ದಳು. "ಎಲ್ಲೆ ತಪ್ಪಿದ್ನಿ ಅಕ್ಕಾರ? ಏಳು, ಎಂಟು. ಎಲ್ಲಾ ಕಡೆ ಏಳು, ಎಂಟು. ನನ್ನ ಕೈಯಾಗ ಏನರ ದೆವ್ವ ಹೊಕ್ಕಿತ್ತೇನು?"

ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಈ ಹುಡುಗಿ ಹೋಗುತ್ತಾಳೆ. ಸುಳ್ಳೇಕೆ ಹೇಳಲಿ, ಮೊದಲು ಪಂಜರಗಳ ನೀರಿನ ಬಾಟಲಿಗಳನ್ನೆಲ್ಲ ತುಂಬಿಸಿದೆ. ಆಮೇಲೆ ಹೇಳಿದೆ.

ಅವಳು ಹಾಳೆಗಳನ್ನು ಮಡಚಿಟ್ಟಳು. "ಹಿಂಗ್ಯಾಕ ಮಾಡಿದ್ರಿ?" ಎಂದು ಎದ್ದು ಹೋದಳು. ಅರ್ಧ ಗಂಟೆಯಲ್ಲಿ ಓಡಿ ಬಂದಳು, ಕೈಯಲ್ಲಿ ತೊಟ್ಟಿಯ ಪರೀಕ್ಷೆಯ ಹಾಳೆ. "ಅಕ್ಕಾರ, ನೋಡ್ರಿಲ್ಲೆ! ಹತ್ತೊಂಬತ್ತರ ಹೊಟ್ಟೀಲೆ ಹುಟ್ಟಿದ ಆ ಸಣಕಲು ಎರಡು ಎಷ್ಟು ಧೈರ್ಯಸ್ಥ ಆಗ್ಯಾವ! ಯಾರು ಹಡದಾರ ಅನ್ನೂದಲ್ಲ, ಯಾರು ನೆಕ್ಯಾರ ಅನ್ನೂದು!"

ಸಾಧಿಸಿಬಿಟ್ಟೆವು ಎಂದು ನಾನು ಕುಣಿಯುವುದರಲ್ಲಿದ್ದೆ. ಅವಳೇ ತಡೆದಳು. ಹೊರದೇಶದಲ್ಲಿ ಇಂಥದ್ದನ್ನು ಆಗಲೇ ಕ್ರಮವಾಗಿ ಮಾಡಿದ್ದಾರಂತೆ. ಮೇಲಾಗಿ ನಾನು ಸಣಕಲು ಮರಿಗಳನ್ನೇ ಆರಿಸಿ ಹಾಕಿದ್ದರಿಂದ ಇದು ಲೆಕ್ಕಕ್ಕೆ ಬರುವುದಿಲ್ಲವಂತೆ. ಕನಿಕರ ತನಗೆ ಬೇಕಾದ್ದನ್ನು ಆರಿಸುತ್ತದೆ, ಚೀಟಿ ಹಾಗೆ ಆರಿಸುವುದಿಲ್ಲ. ಚೀಟಿ ಎತ್ತಿ ಮತ್ತೆ ಮಾಡಬೇಕು ಎಂದಳು. ಪ್ರೊಫೆಸರಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದು ಸಿಟ್ಟೆಲ್ಲ ಇಳಿದಿತ್ತು. "ಮರಿಗಳನ್ನು ಯೋಜನೆಯಂತೆ ಅದಲುಬದಲು ಮಾಡಲಾಯಿತು ಅಂತ ಬರೆದ್ರಾಯ್ತಲ್ಲ," ಎಂದರು. ವಿಜಯಾ ಒಪ್ಪಲಿಲ್ಲ. ಅನುಮತಿ ಪಡೆದು ಇನ್ನೊಂದು ವರ್ಷ ಮಣ್ಣು ಹೊತ್ತ ಹಾಗೆ ದುಡಿದಳು. ಚೀಟಿಗಳನ್ನು ನಾನೇ ಎತ್ತಿದೆ. ಫಲಿತಾಂಶ ಅದೇ ಬಂತು, ಪದವಿಯೂ ಬಂತು. ನನಗೆ ಒಂದು ಮೆಮೊ ಬಂತು. ಪ್ರೊಫೆಸರ್ ಭಾಷಣಗಳಲ್ಲಿ ಈ ಪ್ರಯೋಗ ತಮಗೆ ಬೆಳಗಿನ ವಾಕಿಂಗ್‌ನಲ್ಲಿ ಹೊಳೆಯಿತೆಂದು ಹೇಳತೊಡಗಿದರು.

ಇನ್ನೊಂದು ವಿಷಯವನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ, ದಯವಿಟ್ಟು ಬರೆದುಕೊಳ್ಳಿ. ಹತ್ತೊಂಬತ್ತನೇ ಪಂಜರ ಇದ್ದದ್ದು ಬಾಗಿಲ ಪಕ್ಕ, ಎಸಿಯ ಯಂತ್ರದ ಕೆಳಗೆ. ಅದು ಹತ್ತು ನಿಮಿಷಕ್ಕೊಮ್ಮೆ ಗಡಗಡ ಎನ್ನುತ್ತಿತ್ತು. ನಾನು ಮರಿ ಬದಲಿಸಿದ ಕೆಲವೇ ತಿಂಗಳಲ್ಲಿ, ಆ ತಾಯಿಯ ಮೂರನೇ ಹೆರಿಗೆಗೆ, ವಿಜಯಾಳನ್ನು ಕೇಳಿ ಪಂಜರವನ್ನು ಒಳಗಿನ ಗೋಡೆಗೆ ಸರಿಸಿದೆ. ಮುಖ ತಿರುಗಿಸಿ ಕೂರುತ್ತಿದ್ದ ಅದೇ ಮಹಾತಾಯಿ ಮರಿಗಳನ್ನು ನೆಕ್ಕತೊಡಗಿದಳು, ಹನ್ನೆರಡನೆಯವಳಷ್ಟಲ್ಲದಿದ್ದರೂ ಚೆನ್ನಾಗಿಯೇ. ತಾಯಿಯನ್ನು ಬೈಯುವ ಮೊದಲು ಪಂಜರ ಎಲ್ಲಿದೆ ಎಂದು ನೋಡಿ.

ನಿವೃತ್ತಿಯ ದಿನ ಶಾಲು ಹೊದಿಸಿ, ನನ್ನನ್ನು ಸಂಸ್ಥೆಯ ತಾಯಿ ಎಂದು ಹೊಗಳಿದರು. ಮೆಮೊ ಫೈಲಿನಲ್ಲಿ ಹಾಗೆಯೇ ಇದೆ.

ಇಷ್ಟಾದರೂ ನನ್ನ ಮುಳ್ಳು ಹೋಗಿರಲಿಲ್ಲ. ಇಲಿಯ ಮಾತು ಇಲಿಗೆ. ಆಶಾ ಬೆಳೆದಳು, ಈಗ ದೊಮ್ಮಲೂರಿನ ಒಂದು ಆಫೀಸಿನಲ್ಲಿ ಕೆಲಸ, ಕಗ್ಗದಾಸಪುರದಲ್ಲಿ ಮನೆ. ಹಲ್ಲಿ ಕಂಡರೆ ಈಗಲೂ ಮಂಚ ಹತ್ತುತ್ತಾಳೆ. ಮ್ಯಾನೇಜರಿಗೆ ಮಾತ್ರ ಬೆವರಿಳಿಸುತ್ತಾಳೆ. ಈ ವರ್ಷ ಅವಳಿಗೆ ಹೆಣ್ಣು ಮಗು. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಯಾರೋ ಗೆಳತಿ ಇಂದಿರಾನಗರದ ಒಂದು ತಾಯಂದಿರ ತರಗತಿಗೆ ಅವಳನ್ನು ಸೇರಿಸಿದಳು. ಎರಡನೇ ವಾರ ಅಳುತ್ತ ಬಂದಳು.

"ಅಮ್ಮಾ, ರಿಸೈನ್ ಮಾಡ್ಬಿಡ್ತೀನಿ. ಮೊದಲ ಸಾವಿರ ದಿನ ಅಮ್ಮನೇ ಎತ್ಕೊಳ್ದೇ ಇದ್ರೆ ಮಗು ಜೀನ್ಸೇ ಲಾಕ್ ಆಗ್ಬಿಡತ್ತಂತೆ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, "ನೀನು ನನ್ನ ಮೂರು ತಿಂಗಳಿಗೇ ಬಿಟ್ಟು ಹೋಗಿದ್ದೆ ಅಲ್ವಾ? ಅದಕ್ಕೇ ಇರ್ಬೇಕು ನಾನು ಹಿಂಗೆ."

ಹದಿನೇಳು ವರ್ಷ ನಾನು ನನಗೇ ಹೇಳಿಕೊಂಡದ್ದನ್ನು ಈಗ ಅವಳ ಬಾಯಲ್ಲಿ ಕೇಳಿದೆ.

ಮುಂದಿನ ವಾರ ನಾನೂ ಹೋದೆ. ಎಸಿ ಹಾಲ್, ಮೆತ್ತನೆಯ ದಿಂಬುಗಳು, ಇಪ್ಪತ್ತು ಜನ ಬೆದರಿದ ಎಳೆ ತಾಯಂದಿರು. ಬಿಳಿ ಉಡುಪಿನ ಗುರುಮಾತೆ ತೆರೆಯ ಮೇಲೆ ಒಂದು ದೊಡ್ಡ ಬಿಳಿ ಇಲಿಯನ್ನು ತೋರಿಸಿ, "ನೋಡಿ, ಈ ತಾಯಿಯ ಕಣ್ಣಲ್ಲಿ ಎಂಥಾ ಲವ್!" ಎಂದರು. ನಾನು ಕೈ ಎತ್ತಿದೆ.

"ಮೇಡಂ, ಅದು ಗಂಡು."

ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. "ಬಾಲದ ಬುಡ ನೋಡಿ ಮೇಡಂ, ಎದ್ದು ಕಾಣ್ತಾ ಇದೆ," ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲು ನಕ್ಕಿತು, ಆಶಾ ಕೂಡ. ಗುರುಮಾತೆ ಚಹಾ ವಿರಾಮ ಘೋಷಿಸಿದರು.

ನಗು ಮುಗಿದರೂ ರಾಜೀನಾಮೆಯ ಮೇಲ್ ಆಶಾಳ ಫೋನಿನಲ್ಲೇ ಇತ್ತು, ಕಳಿಸುವುದೊಂದೇ ಬಾಕಿ. ಅವಳನ್ನೂ ಮಗುವನ್ನೂ ಕರೆದುಕೊಂಡು ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆ. ನೂರ್ ಚಾಚಿ ಅದೇ ಗಲ್ಲಿ, ಅದೇ ಮನೆ. ಮಂಡಿ ಹೋಗಿದೆ, ಕಣ್ಣು ಮಂಜು. ಕಿಟಕಿಯ ಕೆಳಗೆ ಅದೇ ಹೊಲಿಗೆ ಯಂತ್ರ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ಸವರತೊಡಗಿದರು. ಕೇಳಲು ಅಂಜಿಕೆಯಾಗಿ ಇಷ್ಟು ವರ್ಷ ಬಾಯಿಗೆ ಬಾರದಿದ್ದುದನ್ನು ಕೊನೆಗೂ ಕೇಳಿದೆ.

"ಚಾಚಿ, ಆಶಾ ಕೂಸಾಗಿದ್ದಾಗ, ನಾನು ಕೆಲಸಕ್ಕೆ ಹೋದ್ಮೇಲೆ ದಿನಾ ಏನ್ಮಾಡ್ತಿದ್ರಿ?"

"ಕ್ಯಾ ಮಾಡೋದು ಮಾ?" ಎಂದರು. "ಕೆಳಗೆ ಇಟ್ರೆ ಅಳ್ತಿತ್ತು. ಅದಕ್ಕೇ ಇಡ್ಲೇ ಇಲ್ಲ."

"ಮತ್ತೆ ಹೊಲಿಗೆ? ಮಿಷನ್ ಕೆಟ್ಟಿತ್ತಲ್ಲ ಆವಾಗ?"

"ಯಾರು ಹೇಳಿದ್ದು ಕೆಟ್ಟಿತ್ತು ಅಂತ? ತೊಡೆ ಮೇಲೆ ಮಗು ಇದ್ರೆ ಕಾಲು ಹೆಂಗೆ ತುಳೀತದೆ?"

ಆಶಾ ಎದ್ದು ಹೋಗಿ ಚಾಚಿಯ ಪಕ್ಕ ಕೂತಳು. ಫೋನ್ ತೆಗೆದು ಆ ಮೇಲ್ ಅಳಿಸಿದಳು. ಇಲಿಗಳ ಒಂದೊಂದು ನೆಕ್ಕಿಗೂ ಗೀಟು ಹಾಕಿದವಳು ನಾನು. ಎದುರು ಮನೆಯ ಯಂತ್ರ ಒಂದು ವರ್ಷ ಯಾಕೆ ಸುಮ್ಮನಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ.